ಹಲ್ಲು ಕಡಿಯದ ಗಾಡಿ

ಗಾಡಿ ಹಲ್ಲು ಕಡಿಯಿತು. ಅಲ್ಲಿಗೆ ನನ್ನ ಬೆಳಗಿನ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು.

ಕಟಕಟ, ಕಟಕಟ, ಕಟಕಟ. ಲಾರಿಯ ಹಿಂದಿನ ಎರಡೂ ಕಡೆಯ ಚಕ್ರಗಳು ಜಾಕ್ ಮೇಲೆ ನೆಲ ಬಿಟ್ಟು ನಿಂತಿದ್ದವು. ಎಡಗಡೆಯದನ್ನು ಮೇಸ್ತ್ರಿ ಹಾರೆ ಕೊಟ್ಟು ಮುಂದಕ್ಕೆ ಒತ್ತಿ ಹಿಡಿದಿದ್ದರು. ಬಲಗಡೆಯದನ್ನು ನಾನು ಮೈಭಾರವೆಲ್ಲ ಹಾಕಿ ಹಿಂದಕ್ಕೆ ತಿರುಗಿಸುತ್ತಿದ್ದೆ. ತಿರುಗಿಸಿದಷ್ಟೂ ಆಕ್ಸಲ್‌ನ ಹೊಟ್ಟೆಯೊಳಗಿಂದ ಆ ಸದ್ದು ಬರುತ್ತಿತ್ತು, ಒಂದು ಹಲ್ಲೂ ತಪ್ಪದ ಹಾಗೆ.

"ಕಿವಿ ತುಂಬಾ ಕೇಳಿಸ್ತಾ, ಹದಿನೇಳು?" ಅಂದರು ಮೇಸ್ತ್ರಿ ಆ ಕಡೆಯಿಂದ.

ಕೇಳಿಸಿತು ಅಂದೆ. ಕೇಳಿಸಬಾರದಿತ್ತು.

ಹದಿನೇಳು ಅಂದರೆ ನಾನೇ. ಮೇಸ್ತ್ರಿಯ ಷೆಡ್ಡಿಗೆ ಕೆಲಸ ಕಲಿಯಲು ಹೋದ ಮೊದಲ ದಿನ ಅವರು ಹತ್ತೊಂಬತ್ತು ನಂಬರಿನ ಸ್ಪಾನರ್ ಕೇಳಿದ್ದರು, ನಾನು ಹದಿನೇಳು ತಂದುಕೊಟ್ಟಿದ್ದೆ. ಅವತ್ತೇ ನಾಮಕರಣ ಆಯಿತು. ಆರು ವರ್ಷ ಅವರ ಕೈಕೆಳಗೆ ಗ್ರೀಸ್ ತಿಂದು, ಆಮೇಲೆ ಪರೀಕ್ಷೆ ಕಟ್ಟಿ, ಈಗ ಅಪಘಾತವಾದ ಗಾಡಿಗಳ ಹೊಟ್ಟೆ ಬಗೆದು ರಿಪೋರ್ಟ್ ಬರೆಯುವ ಕೆಲಸ ನನ್ನದು. ಮೇಸ್ತ್ರಿ ಮಾತ್ರ ಷೆಡ್ಡು ಮುಚ್ಚಿ ಕಲ್ಲು ಕ್ವಾರಿಯ ವರ್ಕ್‌ಶಾಪ್ ಸೇರಿಕೊಂಡಿದ್ದರು.

ಹದಿನೈದು ದಿನದ ಹಿಂದೆ ಇದೇ ಲಾರಿ ಇಳಿಜಾರಿನ ತಿರುವಿನಲ್ಲಿ ಕ್ವಾರಿಯ ಗುಮಾಸ್ತನನ್ನು ಗೋಡೆಗೆ ಸೇರಿಸಿ ಕೊಂದಿತ್ತು. ಓಡಿಸುತ್ತಿದ್ದವರು ನನ್ನ ಅಕ್ಕನ ಗಂಡ. ಹಿಂದಿನ ದಿನವಷ್ಟೇ, ರಜೆ ಮುಗಿಯಿತೆಂದು ಹಾಜರಿ ಹಾಕಲು ಹೋದಾಗ ಮೂರು ಗಂಟೆ ಕಾಯಿಸಿದ ಅಂತ ಅದೇ ಗುಮಾಸ್ತನಿಗೆ ಹತ್ತು ಜನರ ಮುಂದೆ "ನಿನ್ನ ಮೇಲೇ ಗಾಡಿ ಹತ್ತಿಸ್ತೀನಿ" ಅಂದಿದ್ದರು ಭಾವ. ಬಾಯಿಗೆ ಬೀಗ ಇಲ್ಲದ ಮನುಷ್ಯ. ಪೊಲೀಸರಿಗೆ ಅಷ್ಟು ಸಾಕಾಯಿತು, ಕೊಲೆ ಕೇಸು ಹಾಕಿ ಲಾಕಪ್ಪಿನಲ್ಲಿಟ್ಟರು.

ವಕೀಲರು ಓಡಾಡಿ ಒಂದೇ ಒಂದು ದಿನಕ್ಕೆ ಅನುಮತಿ ತಂದಿದ್ದರು. ಪೊಲೀಸ್ ಯಾರ್ಡಿನಲ್ಲಿ ನಿಂತ ಲಾರಿಯನ್ನು ಇವತ್ತು ಸಂಜೆ ಐದರವರೆಗೆ ನಾನು ಪರೀಕ್ಷೆ ಮಾಡಬಹುದು. ನಾಳೆ ಬೆಳಗ್ಗೆ ಕೋರ್ಟು. ಗಾಡಿಯಲ್ಲಿ ದೋಷ ಇತ್ತು ಅಂತ ತೋರಿಸಲಾಗದಿದ್ದರೆ ಭಾವ ಮತ್ತೆ ಎಷ್ಟು ವರ್ಷಕ್ಕೆ ಮನೆಗೆ ಬರುತ್ತಾರೋ ಗೊತ್ತಿರಲಿಲ್ಲ. ಆಗಲೇ ಎರಡೂಕಾಲು ಆಗಿತ್ತು.

ಅಕ್ಕ ಗೇಟಿನ ಹೊರಗೆ ಕೂತಿದ್ದಳು. ಕೂತಿದ್ದಳು ಅನ್ನುವುದು ಸುಳ್ಳು, ಹತ್ತು ನಿಮಿಷ ಕೂತರೆ ಇಪ್ಪತ್ತು ನಿಮಿಷ ಓಡಾಡುತ್ತಿದ್ದಳು. ಪ್ರತಿ ಸಲ ಗೇಟಿನ ಸರಳು ಹಿಡಿದು "ಆಯ್ತೇನೇ?" ಅನ್ನುತ್ತಿದ್ದಳು. ನನಗೂ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಲಾರಿಯ ಸುತ್ತ ಎಷ್ಟು ಪ್ರದಕ್ಷಿಣೆ ಹಾಕಿದೆನೋ ಲೆಕ್ಕವಿಲ್ಲ.

ಲಾರಿಯ ಗಂಧಗಾಳಿ ಇಲ್ಲದವರಿಗೆ ಒಂದು ಮಾತು ಹೇಳಿಬಿಡಬೇಕು. ಗಾಡಿ ತಿರುಗುವಾಗ ಹೊರಗಡೆಯ ಚಕ್ರ ಒಳಗಡೆಯದಕ್ಕಿಂತ ಹೆಚ್ಚು ದಾರಿ ಓಡಬೇಕು. ಅದಕ್ಕೆ ಅವಕಾಶ ಕೊಡುವುದು ಆಕ್ಸಲ್ ನಡುವಿನ ಡಿಫರೆನ್ಶಿಯಲ್. ಮಾಮೂಲಿ ಡಿಫರೆನ್ಶಿಯಲ್‌ಗೆ ಒಂದು ಕೆಟ್ಟ ಬುದ್ಧಿ ಇದೆ. ಒಂದು ಚಕ್ರ ಕೆಸರಿಗೆ ಬಿದ್ದರೆ ಎಂಜಿನ್ನಿನ ಓಟವನ್ನೆಲ್ಲ ಆ ಕೈಲಾಗದ ಚಕ್ರಕ್ಕೇ ಸುರಿಯುತ್ತದೆ. ಅದು ನಿಂತಲ್ಲೇ ಗಿರಗಿರ ಸುತ್ತುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಸುಮ್ಮನೆ ನೋಡುತ್ತಾ ನಿಂತಿರುತ್ತದೆ. ಕ್ವಾರಿಯಲ್ಲಿ ಅಂಥ ಗಾಡಿ ದಿನಕ್ಕೆ ನಾಲ್ಕು ಸಲ ಹೂತುಕೊಳ್ಳುತ್ತದೆ.

ಅದಕ್ಕೇ ಕ್ವಾರಿಯವರು ತಮ್ಮ ಎರಡು ಲಾರಿಗೆ ತಾನೇ ಲಾಕ್ ಆಗುವ ಡಿಫರೆನ್ಶಿಯಲ್ ಹಾಕಿಸಿದ್ದರು. ಅದಕ್ಕೆ ಸ್ವಿಚ್ಚಿಲ್ಲ, ಲಿವರ್ ಇಲ್ಲ, ಡ್ರೈವರನ್ನು ಕೇಳುವುದೂ ಇಲ್ಲ. ನೇರ ದಾರಿಯಲ್ಲಿ ಎರಡೂ ಚಕ್ರ ಕೈ ಕೈ ಹಿಡಿದು ನಡೆಯುವ ಗಂಡ ಹೆಂಡತಿ ಇದ್ದ ಹಾಗೆ, ಒಬ್ಬರು ಜಾರಿದರೂ ಇನ್ನೊಬ್ಬರು ಎಳೆಯುತ್ತಾರೆ. ತಿರುವು ಬಂದಾಗ ಹೊರಗಡೆಯವರು ಕೈಬಿಟ್ಟು ನಾಲ್ಕು ಹೆಜ್ಜೆ ಮುಂದೆ ಓಡುತ್ತಾರೆ. ತಿರುವು ಮುಗಿದ ಮೇಲೆ ಮತ್ತೆ ಕೈ ಹಿಡಿಯುತ್ತಾರೆ.

ಕೈಬಿಟ್ಟಷ್ಟು ಹೊತ್ತು ಒಳಗಿನ ಹಲ್ಲಿನ ಬಳೆಗಳು ಒಂದರ ಮೇಲೊಂದು ಜಿಗಿದು ಕಟಕಟ ಅನ್ನುತ್ತವೆ. ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೆ ಧಡ್ ಅಂತ ಒಮ್ಮೆ ಒದೆಯುವುದೂ ಉಂಟು, ಹೊಸಬರ ಜೀವ ಬಾಯಿಗೆ ಬರುತ್ತದೆ. ಹಳಬರಿಗೆ ಆ ಸದ್ದೇ ಧೈರ್ಯ. ಆ ಕಟಕಟಕ್ಕೆ ಕ್ವಾರಿಯ ಡ್ರೈವರುಗಳು ಇಟ್ಟ ಹೆಸರೇ ಗಾಡಿ ಹಲ್ಲು ಕಡಿಯೋದು.

ಈ ಮಾತೇ ಭಾವನನ್ನು ಮುಳುಗಿಸಿತ್ತು. ಅದೂ ಒಬ್ಬ ಒಳ್ಳೆಯ ಮನುಷ್ಯನ ಕೈಯಿಂದ.

ಭಾವನ ಹೇಳಿಕೆಯಲ್ಲಿ "ತಿರುವಿನಲ್ಲಿ ವಾಹನದ ಬ್ರೇಕ್ ಹಿಡಿಯಲಿಲ್ಲ" ಅಂತ ಬರೆದಿತ್ತು. ವಾಹನ ತಪಾಸಣೆಯ ಸರ್ಕಾರಿ ಇನ್ಸ್‌ಪೆಕ್ಟರ್ ಬಂದು ಬ್ರೇಕ್ ನೋಡಿದರು. ಬ್ರೇಕು ಹೊಸದರ ಹಾಗಿತ್ತು. ಆರೋಪಿ ಸುಳ್ಳುಗಾರ ಅಂತ ಅಲ್ಲಿಗೆ ತೀರ್ಮಾನವಾಯಿತು. ಇವತ್ತು ಬೆಳಗ್ಗೆ ಲಾಕಪ್ಪಿನಲ್ಲಿ ಭಾವನನ್ನು ನಾನೇ ಕೇಳಿದೆ. ಅವರು ಕಣ್ಣು ಕಣ್ಣು ಬಿಟ್ಟರು. "ಬ್ರೇಕ್ ಅಂತ ನಾನ್ಯಾವಾಗ ಅಂದೆ? ಗಾಡಿ ಹಲ್ಲು ಕಡೀಲಿಲ್ಲ ಅಂದೆ. ಸ್ಟೇರಿಂಗ್ ಎಳೆದ್ರೂ ತಿರುಗ್ಲಿಲ್ಲ, ಹಿಂದಿನಿಂದ ಯಾರೋ ನೂಕಿದ ಹಾಗೆ ನೆಟ್ಟಗೆ ಹೋಯ್ತು."

ನಾನು ನೇರ ಸ್ಟೇಷನ್ನಿನ ರೈಟರ್ ಹತ್ತಿರ ಹೋದೆ. ಹೇಳಿಕೆಗಳನ್ನು ಬರೆದುಕೊಳ್ಳುವ ಕಾನ್‌ಸ್ಟೇಬಲ್ ಆತ. ಮುತ್ತು ಪೋಣಿಸಿದಂಥ ಅಕ್ಷರ, ಯಾರ ಮನಸ್ಸನ್ನೂ ನೋಯಿಸದ ಸ್ವಭಾವ, ನಿವೃತ್ತಿಗೆ ಎಂಟು ತಿಂಗಳು ಬಾಕಿ. ಡ್ರೈವರು ಹಲ್ಲು ಕಡಿಯೋದರ ಬಗ್ಗೆ ಏನೋ ಹೇಳಿದ್ದು ಹೌದು ಅಂತ ಒಪ್ಪಿಕೊಂಡರು. ಆಮೇಲೆ ದನಿ ತಗ್ಗಿಸಿದರು.

"ಮೇಡಂ, ಹಲ್ಲು ಕಡಿಯೋದು ಅಂದ್ರೆ ಸಿಟ್ಟು ಅಲ್ವಾ? ಕೊಲೆ ಕೇಸಲ್ಲಿ ಹಲ್ಲುಗಿಲ್ಲು ಅಂತ ಬಂದ್ರೆ ನಿಮ್ಮ ಭಾವಂಗೇ ಕಷ್ಟ. ಗಾಡಿ ಬಗ್ಗೆನೇ ಏನೋ ಹೇಳ್ತಿದಾನೆ, ಬ್ರೇಕ್ ಇರ್ಬೇಕು ಅಂತ ನಾನೇ ಸ್ವಲ್ಪ ತಿದ್ದಿ ಬರ್ದೆ. ಉಪಕಾರ ಆಗ್ಲಿ ಅಂತ."

ಏನು ಹೇಳಲಿ? ಉಪಕಾರ ಮಾಡಿದವರನ್ನು ಬೈಯುವುದು ಹೇಗೆ ಅಂತ ನನಗೆ ಯಾರೂ ಕಲಿಸಿರಲಿಲ್ಲ. ಹೋಗುವಾಗ ಅವರ ನಂಬರ್ ತೆಗೆದುಕೊಂಡೆ, ನನ್ನದನ್ನೂ ಕೊಟ್ಟೆ.

ಹಾಗಾಗಿ ಯಾರ್ಡಿಗೆ ಬರುವಾಗ ನಾನು ಗಟ್ಟಿಯಾಗಿ ನಂಬಿದ್ದು ಒಂದೇ. ಈ ಲಾರಿಯ ಡಿಫರೆನ್ಶಿಯಲ್ ಒಳಗೆ ಏನೋ ಕಚ್ಚಿಕೊಂಡಿದೆ, ತಿರುವಿನಲ್ಲೂ ಕೈ ಬಿಡುತ್ತಿಲ್ಲ. ನೀರು ಚಿಮುಕಿಸಿದ ಜಲ್ಲಿಪುಡಿಯ ಇಳಿಜಾರು, ಮೇಲೆ ತುಂಬು ಲೋಡು. ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ನೂಕಿದರೆ ಮುಂದಿನ ಚಕ್ರ ಎಷ್ಟೇ ತಿರುಗಿಸಿದರೂ ಜಾರಿಕೊಂಡು ನೆಟ್ಟಗೆ ಹೋಗುತ್ತದೆ. ಆಗ ಎಂಥ ಬ್ರೇಕ್ ಒತ್ತಿದರೂ ಗೋಡೆಗೆ ಮುಂಚೆ ನಿಲ್ಲುವುದಿಲ್ಲ. ಭಾವ ಹೇಳಿದ್ದು ಅಕ್ಷರ ಅಕ್ಷರವೂ ಅದನ್ನೇ.

ಆದರೆ ಈಗ ಗಾಡಿ ಕಟಕಟ ಅನ್ನುತ್ತಿದೆ. ಚೆನ್ನಾಗಿ, ಆರೋಗ್ಯವಾಗಿ.

ಮೇಸ್ತ್ರಿ ಹಾರೆ ಕೆಳಗಿಟ್ಟು ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಇಷ್ಟೇ ತಾಯಿ, ಇದರಲ್ಲೇನೂ ಇಲ್ಲ, ಜಾಕ್ ಇಳಿಸೋಣ ಅಂದರು. ಜಾಕ್ ಬೇಕು, ಒಬ್ಬ ಸಹಾಯಕ ಬೇಕು ಅಂತ ನಾನು ಕ್ವಾರಿಗೆ ಕೇಳಿ ಕಳಿಸಿದಾಗ ಬೇರೆ ಯಾರನ್ನೂ ಕಳಿಸದೆ ತಾವೇ ಬಂದಿದ್ದರು. ನನ್ನ ಮೇಲಿನ ಅಭಿಮಾನ ಅಂದುಕೊಂಡಿದ್ದೆ.

ಇರಲಿ, ಐದು ಗಂಟೆವರೆಗೆ ಟೈಮಿದೆ ಅಂದೆ. ಬೇರೆ ಏನು ಮಾಡುವುದು ಅಂತ ಗೊತ್ತಿಲ್ಲದೆ ಟಯರಿನ ಮೇಲೆ ಕೈ ಆಡಿಸಿದೆ.

ಕೈ ನಿಂತುಕೊಂಡಿತು.

ಟಯರಿನ ಮೈಮೇಲಿನ ರಬ್ಬರ್ ಕಟ್ಟೆಗಳು ಒಂದು ದಿಕ್ಕಿನಲ್ಲಿ ಗರಗಸದ ಹಾಗೆ ಎದ್ದಿದ್ದವು. ಒಂದು ಕಡೆ ಸವರಿದರೆ ನುಣುಪು, ಇನ್ನೊಂದು ಕಡೆ ಸವರಿದರೆ ಅಂಗೈ ಕಿತ್ತುಬರುತ್ತದೆ. ನೆಲದ ಮೇಲೆ ಉರುಳದೆ ಉಜ್ಜಿಕೊಂಡು ತಿರುಗಿದ ಟಯರು ಹೀಗಾಗುತ್ತದೆ. ಆ ಕಡೆ ಹೋಗಿ ನೋಡಿದೆ, ಅದೂ ಹಾಗೇ. ಇದೇ ಟಯರುಗಳನ್ನು ಭಾವ ಮುಂದೆ ನಿಂತು ಹೊಸದಾಗಿ ಹಾಕಿಸಿ ಮೂರು ವಾರದ ರಜೆಗೆ ಹೋಗಿದ್ದರು, ಕಾಲು ಉಳುಕಿತ್ತು. ಬದಲಿ ಡ್ರೈವರ್ ಒಬ್ಬ ಮೂರು ವಾರ ಓಡಿಸಿದ್ದ. ರಜೆ ಮುಗಿಸಿ ಬಂದ ಭಾವನ ಮೊದಲ ಟ್ರಿಪ್ಪೇ ಆ ಟ್ರಿಪ್ಪು.

ಚಕ್ರಗಳು ಸರಿಯಾಗಿ ಕೈಬಿಟ್ಟು ಕೈ ಹಿಡಿಯುತ್ತಿದ್ದರೆ ಮೂರೇ ವಾರದಲ್ಲಿ ಟಯರಿಗೆ ಈ ಗತಿ ಬರುವುದಿಲ್ಲ. ಟಯರು ಒಂದು ಮಾತು ಹೇಳುತ್ತಿತ್ತು, ಆಕ್ಸಲ್ ಇನ್ನೊಂದು. ಎರಡರಲ್ಲಿ ಒಂದು ಈ ಗಾಡಿಯದ್ದಲ್ಲ.

ಗಾಡಿಯ ಕೆಳಗೆ ನುಸುಳಿದೆ. ಡಿಫರೆನ್ಶಿಯಲ್‌ನ ತಳದ ಬೋಲ್ಟ್ ಸಡಿಲಿಸಿ ಎಣ್ಣೆಯನ್ನು ಬೆರಳಿಗೆ ಹಿಡಿದೆ. ಜೇನಿನ ಬಣ್ಣ. ಆರು ತಿಂಗಳು ಕ್ವಾರಿಯಲ್ಲಿ ಓಡಿದ ಗಾಡಿಯ ಎಣ್ಣೆ ಕಾಡಿಗೆಯ ಹಾಗಿರಬೇಕು. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೆತ್ತಿರಬೇಕಿತ್ತು, ಅದೂ ತೊಳೆದಿಟ್ಟ ಹಾಗಿತ್ತು. ಮೈಗೆಲ್ಲ ಬಿಳಿ ಧೂಳು ಅಂಟಿದ್ದ ಆಕ್ಸಲ್‌ನಲ್ಲಿ ಸುತ್ತಲಿನ ನಟ್ಟುಗಳು ಮಾತ್ರ ಫಳಫಳ ಅನ್ನುತ್ತಿದ್ದವು. ಜೋಡಣೆಯ ಅಂಚಿನಲ್ಲಿ ಎಣ್ಣೆ ಸೋರದ ಹಾಗೆ ಹಚ್ಚುವ ಕೆಂಪು ಪೇಸ್ಟು, ಇನ್ನೂ ಧೂಳು ಕೂರದ ಹೊಸದು.

ಟಾರ್ಚನ್ನು ಇನ್ನೂ ಸ್ವಲ್ಪ ಒಳಗೆ ಹಿಡಿದೆ. ಯಾಕೆ ಹಿಡಿದೆನೋ ಅನ್ನಿಸಿಬಿಟ್ಟಿತು.

ಆಕ್ಸಲ್‌ನ ಅಡಿಯಲ್ಲಿ, ಯಾರೂ ಬಗ್ಗಿ ನೋಡದ ಜಾಗದಲ್ಲಿ, ಒಂದು ಕೆಂಪು ಗೆರೆ. ಪೇಸ್ಟು ಹಚ್ಚಿದ ಹೆಬ್ಬೆರಳನ್ನು ಒರೆಸಿಕೊಂಡ ಗೆರೆ. ಆರು ವರ್ಷ ನಾನು ಸೀಮೆಎಣ್ಣೆಯಲ್ಲಿ ಉಜ್ಜಿ ಅಳಿಸಿದ ಗೆರೆ ಅದು. ಎಷ್ಟು ಬಟ್ಟೆ ಕೈಗೆ ಕೊಟ್ಟರೂ ನಮ್ಮ ಮೇಸ್ತ್ರಿ ಹೆಬ್ಬೆರಳು ಒರೆಸುತ್ತಿದ್ದುದು ಗಾಡಿಯ ಹೊಟ್ಟೆಗೇ.

ನನಗೆ ಸಂಕಟವಾಯಿತು. ಸಿಟ್ಟಲ್ಲ, ಸಂಕಟ. ಗಾಡಿಯ ಕೆಳಗೇ ಎರಡು ನಿಮಿಷ ಮಲಗಿದ್ದೆ. ಪಕ್ಕದಲ್ಲಿ ಅವರ ಸವೆದ ಬೂಟುಗಳು ಒಂದು ಕಡೆ ನಿಲ್ಲದೆ ಅತ್ತ ಇತ್ತ ಸರಿಯುತ್ತಿದ್ದವು.

ಹೊರಗೆ ಬಂದು ಬೆನ್ನಿನ ಧೂಳನ್ನೂ ಕೊಡವದೆ ಕೇಳಿದೆ.

"ಮೇಸ್ತ್ರಿ, ಈ ಡಿಫರೆನ್ಶಿಯಲ್ ಯಾರು ಬಿಚ್ಚಿದ್ದು?"

"ಪೊಲೀಸರು ಬಿಚ್ಚಿರ್ಬೇಕು. ಸರ್ಕಾರದವರು ಬಂದು ನೋಡಿದ್ರಲ್ಲ."

"ಅವರು ನೋಡಿದ್ದು ಬ್ರೇಕ್ ಮಾತ್ರ. ರಿಪೋರ್ಟ್ ನನ್ನ ಹತ್ರ ಇದೆ."

"ಹಾಗಾದ್ರೆ ನನಗೇನು ಗೊತ್ತು, ಹದಿನೇಳು? ಯಾರ್ಡಲ್ಲಿ ನಿಂತಿರೋ ಗಾಡಿ, ಯಾರ್ಯಾರು ಬರ್ತಾರೋ ಹೋಗ್ತಾರೋ."

"ಯಾರ್ಡಿನ ಕಾವಲುಗಾರ ನಿಮ್ಮ ಭಾವಮೈದ ಅಲ್ವಾ?"

ಮೇಸ್ತ್ರಿ ಹಾರೆ ಎತ್ತಿಕೊಂಡರು, ಮತ್ತೆ ಕೆಳಗಿಟ್ಟರು. ಅವರ ಬಲಗೈ ಹಿಡಿದು ಹೆಬ್ಬೆರಳನ್ನು ಮೇಲಕ್ಕೆ ತಿರುಗಿಸಿದೆ. ಉಗುರಿನ ಸಂದಿಯಲ್ಲಿ ಒಂದು ಕೆಂಪು ನೂಲಿನಷ್ಟು ಉಳಿದಿತ್ತು. ಆ ಪೇಸ್ಟು ಎಷ್ಟು ತೊಳೆದರೂ ಬೇಗ ಹೋಗುವುದಿಲ್ಲ ಅನ್ನುವುದನ್ನು ನನಗೆ ಹೇಳಿಕೊಟ್ಟವರೂ ಅವರೇ.

"ಈ ಚಾಳಿ ಇನ್ನೂ ಬಿಟ್ಟಿಲ್ಲ ನೀವು" ಅಂದೆ.

ಮೇಸ್ತ್ರಿ ಬಿದ್ದಿದ್ದ ಒಂದು ಹಳೆಯ ಟಯರಿನ ಮೇಲೆ ಕುಕ್ಕರಿಸಿದರು. ತಾವಾಗಿಯೇ ಶುರು ಮಾಡಿದರು. ಭಾವ ರಜೆ ಹಾಕಿದ ಮಾರನೆಯ ದಿನವೇ ಈ ಗಾಡಿಯ ಹಲ್ಲಿನ ಬಳೆ ತಪ್ಪಲು ಶುರುವಾಯಿತಂತೆ. ಹಲ್ಲು ಸವೆದು ಮೊಂಡಾಗಿತ್ತು, ಏರು ಹತ್ತುವಾಗ ಜಾರಿ ಜಾರಿ ಬೀಳುತ್ತಿತ್ತು. ಹೊಸದು ಬರಲು ಒಂದೂವರೆ ತಿಂಗಳು. ಗಾಡಿ ಒಂದು ದಿನವೂ ನಿಲ್ಲಕೂಡದು, ಏನಾದರೂ ಮಾಡು ಅಂತ ಮ್ಯಾನೇಜರ್ ತಲೆಯ ಮೇಲೆ ಕೂತ. ಮೇಸ್ತ್ರಿ ಬಳೆಗಳನ್ನು ಸೇರಿಸಿ ವೆಲ್ಡ್ ಹೊಡೆದುಬಿಟ್ಟರು. ಅಲ್ಲಿಂದ ಮುಂದೆ ಎರಡೂ ಚಕ್ರ ಒಂದೇ ಸರಳಿಗೆ ಬೆಸೆದ ಹಾಗೆ, ತಿರುವಿರಲಿ ನೇರವಿರಲಿ ಕೈ ಬಿಡುವ ಮಾತೇ ಇಲ್ಲ.

ಬದಲಿ ಡ್ರೈವರ್ ಹೊಸಬ, ಆ ಗಾಡಿ ಹಲ್ಲು ಕಡಿಯಬೇಕು ಅನ್ನುವುದೇ ಅವನಿಗೆ ತಿಳಿಯದು. ಇಳಿಜಾರಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಎತ್ತಿನಗಾಡಿಗಿಂತ ನಿಧಾನ ಬರುತ್ತಿದ್ದ, ಹಾಗಾಗಿ ಬಚಾವಾದ. ಭಾವ ಬಂದಿದ್ದು ತಮಗೆ ಗೊತ್ತಿರುವ ಗಾಡಿ ಅಂತ, ಮಾಮೂಲಿ ವೇಗದಲ್ಲಿ.

"ಭಾವಂಗೆ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕು ಅಂತಾನೇ ಅವತ್ತು ಬೇಗ ಬಂದೆ ಕಣಮ್ಮ. ಅವನು ನನಗಿಂತ ಮೊದ್ಲೇ ಲೋಡ್ ಹಾಕಿಸ್ಕೊಂಡು ಹೊರಟಿದ್ದ. ವರ್ಕ್‌ಶಾಪಿಂದ ಕೂಗ್ದೆ, ಓಡ್ದೆ. ಎಂಜಿನ್ ಸದ್ದಿಗೆ ಕೇಳಿಸ್ಲಿಲ್ಲ. ಮೇಲಿಂದ ಇಳಿದ್ರೆ ಮೊದಲ್ನೇ ತಿರುವೇ ಅದು." ಮೇಸ್ತ್ರಿ ಕಣ್ಣು ಒರೆಸಿಕೊಳ್ಳಲಿಲ್ಲ, ನೀರು ಗಡ್ಡಕ್ಕೆ ಇಳಿಯಿತು. "ಗುಮಾಸ್ತ ಗೋಡೆ ಪಕ್ಕ ನಿಂತ್ಕೊಂಡು ತೂಕಕ್ಕೆ ಬಾ ಅಂತ ಕೈ ತೋರಿಸ್ತಿದ್ದ. ನಾನು ಮೇಲಿಂದ ನೋಡ್ದೆ."

ನೋಡಿದವರು ಹದಿನೈದು ದಿನ ಬಾಯಿ ಬಿಡಲಿಲ್ಲ. ನನ್ನ ಅಕ್ಕ ದಿನಾ ಅವರ ಮನೆ ಮುಂದೆಯೇ ಲಾಕಪ್ಪಿಗೆ ಹೋಗಿ ಬರುತ್ತಿದ್ದಳು. ಅದನ್ನು ಹೇಳಿಯೂಬಿಟ್ಟೆ, ಬೇಕಂತಲೇ, ನೋಯಲಿ ಅಂತಲೇ. ನೊಂದುಕೊಂಡರು.

ಉಳಿದದ್ದನ್ನು ಅವರೇ ಹೇಳಿದರು. ಕ್ವಾರಿಯ ಇನ್ನೊಂದು ಲಾರಿ ಇದರ ಅವಳಿ, ಅದೇ ಮಾಡೆಲ್ಲು, ಅದೇ ಆಕ್ಸಲ್ಲು. ನನಗೆ ಅನುಮತಿ ಸಿಗುತ್ತದೆ ಅಂತ ಗೊತ್ತಾದ ಕೂಡಲೇ, ಹೋದ ಭಾನುವಾರ ಹಗಲು, ಬ್ಯಾಟರಿ ಬಿಚ್ಚುವ ನೆಪದಲ್ಲಿ ಯಾರ್ಡಿಗೆ ಬಂದರು, ಭಾವಮೈದ ಗೇಟು ತೆಗೆದ, ಎತ್ತಲು ಕೈಯನ್ನೂ ಕೊಟ್ಟ. ಅವಳಿಯ ಒಳ್ಳೆಯ ಡಿಫರೆನ್ಶಿಯಲ್ ತಂದು ಇದಕ್ಕೆ ಹಾಕಿದರು. ಇದರ ವೆಲ್ಡ್ ಹೊಡೆದದ್ದನ್ನು ಒಯ್ದು ಅದಕ್ಕೆ ಹಾಕಿದರು.

"ಅದನ್ನ ಗುಜರಿಗೆ ಎಸೀಬಹುದಿತ್ತಲ್ಲ?"

"ಆಕ್ಸಲ್ ಖಾಲಿ ಇದ್ರೆ ಮ್ಯಾನೇಜರ್ ಕೇಳಲ್ವಾ? ಹೇಗೂ ನಿಂತಿರೋ ಗಾಡಿ. ಸಾವಾದ ಮೇಲೆ ಕ್ವಾರೀನೇ ಬಂದ್ ಆಗಿದೆ, ಅದನ್ನ ಯಾರೂ ಮುಟ್ಟಿಲ್ಲ." ಗಡ್ಡ ಒರೆಸಿಕೊಂಡರು. "ಎಸೆಯೋಕೆ ಕೈಯೂ ಬರ್ಲಿಲ್ಲ ಅನ್ನು. ಯಾವತ್ತಾದ್ರೂ ನೀನು ಬಂದು ಕೇಳ್ತೀಯ ಅನ್ನಿಸ್ತು."

ಬರೆದು ಕೊಡ್ತೀರಾ ಅಂದೆ. ಕೊಡ್ತೀನಿ ಅಂದರು. ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು, ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದರು. ನಾನು ಒಂದು ಪದವನ್ನೂ ತಿದ್ದಲಿಲ್ಲ. ಕಾಗುಣಿತ ಎಲ್ಲೆಲ್ಲೋ ತಪ್ಪಿತ್ತು, ಸತ್ಯ ಮಾತ್ರ ಒಂದು ಕಡೆಯೂ ತಪ್ಪಿರಲಿಲ್ಲ. ಕೆಳಗೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗಿಟ್ಟರು. ನನ್ನನ್ನೂ ಒಳಗೆ ಹಾಕ್ತಾರೆ ಅಲ್ವಾ ಅಂತ ಕೇಳಿದರು. ಹಾಕಬಹುದು ಅಂದೆ. ಹೂಂ ಅಂದರು, ಹಗುರಾದವರ ಹಾಗೆ.

ಕಾಗದ ಮಡಿಸಿಕೊಂಡು ಗೇಟಿಗೆ ಓಡಿದೆ. ಅಕ್ಕ ಆಯ್ತೇನೇ ಅನ್ನುವ ಮೊದಲೇ ಆಯ್ತು ಕಣೇ ಅಂದೆ. ವೆಲ್ಡ್ ಹೊಡೆದ ಡಿಫರೆನ್ಶಿಯಲ್ ಅವಳಿ ಗಾಡಿಯಲ್ಲೇ ಇದೆ, ಜೋಪಾನವಾಗಿದೆ, ನಾಳೆ ಜಡ್ಜ್ ಮುಂದೆ ಅದನ್ನು ಬಿಚ್ಚಿಸಿ ತೋರಿಸಿದರೆ ಮುಗಿಯಿತು, ಭಾವ ಮನೆಗೆ ಬರುತ್ತಾರೆ ಅಂದೆ. ಅಕ್ಕನಿಗೆ ಅರ್ಧ ಅರ್ಥವಾಯಿತೋ ಇಲ್ಲವೋ. ಸರಳುಗಳ ಸಂದಿಯಿಂದ ಕೈ ತೂರಿಸಿ ನನ್ನ ಗ್ರೀಸ್ ಮೆತ್ತಿದ ಕೈ ಹಿಡಿದುಕೊಂಡು ಗೊಳೋ ಅಂತ ಅತ್ತಳು.

ಆಗ ನನ್ನ ಫೋನ್ ಬಡಿದುಕೊಂಡಿತು. ಸ್ಟೇಷನ್ನಿನ ರೈಟರ್.

ಆತ ಫೋನ್ ಮಾಡಿದ್ದೂ ಉಪಕಾರಕ್ಕೇ. ಬೆಳಗ್ಗೆ ಆ ಬ್ರೇಕಿನ ವಿಷಯ ಮಾತಾಡಿ ಹೋದಿರಲ್ಲ ಮೇಡಂ, ನನಗೆ ಮನಸ್ಸಿಗೆ ಸಮಾಧಾನವೇ ಇರಲಿಲ್ಲ, ನಮ್ಮ ಎಸ್‌ಐ ಸಾಹೇಬರಿಗೆ ಹೇಳಿದೆ ಅಂದರು. ಸಾಹೇಬರು ಸರಿ, ಬ್ರೇಕ್ ಹಿಡಿಯುತ್ತದೋ ಇಲ್ಲವೋ ಜಾಗದಲ್ಲೇ ನೋಡಿಬಿಡೋಣ ಅಂದರಂತೆ. ಎಲ್ಲರೂ ಕ್ವಾರಿಗೆ ಬಂದಿದ್ದಾರಂತೆ. ಅವತ್ತು ನಡೆದದ್ದನ್ನು ಹಾಗೇ ಇನ್ನೊಮ್ಮೆ ನಡೆಸಿ ನೋಡುತ್ತಾರಂತೆ. ರಸ್ತೆಗೆ ನೀರೂ ಚಿಮುಕಿಸಿದ್ದಾರಂತೆ, ಅಷ್ಟೇ ಲೋಡೂ ಹಾಕಿದ್ದಾರಂತೆ.

"ಯಾವ ಗಾಡಿ?" ಅಂದೆ.

"ನಿಮ್ಮದು ಜಾಕ್ ಮೇಲಿದೆಯಲ್ಲ ಮೇಡಂ, ಅದರ ಜೊತೇದು. ಎರಡೂ ಒಂದೇ ಅಂತೆ. ನಿಮ್ಮ ಭಾವನೇ ಓಡಿಸ್ತಿದಾರೆ, ಪಕ್ಕದಲ್ಲಿ ಸಾಹೇಬ್ರು ಕೂತಿದಾರೆ. ಅವತ್ತಿನಷ್ಟೇ ಸ್ಪೀಡಲ್ಲಿ ಬಾ ಅಂದಿದಾರೆ."

ಹಿಂದೆ ಏನೋ ಬಿದ್ದ ಸದ್ದಾಯಿತು. ಮೇಸ್ತ್ರಿ ನನ್ನ ಬೆನ್ನ ಹಿಂದೆಯೇ ಬಂದು ನಿಂತಿದ್ದರು, ಕೈಲಿದ್ದ ಹಾರೆ ನೆಲಕ್ಕೆ ಬಿದ್ದಿತ್ತು.

"ನಿಲ್ಸಿ. ಈಗಲೇ ನಿಲ್ಸಿ" ಅಂದೆ.

ಹೊರಟಾಯಿತಲ್ಲ ಮೇಡಂ ಅಂದರು. ಸಾಹೇಬರ ಫೋನ್ ಜೀಪಿನಲ್ಲಿದೆಯಂತೆ, ಭಾವನ ಹತ್ತಿರ ಫೋನ್ ಇರುವುದೇ ಇಲ್ಲ. ಅವರ ಮಾತಿನ ಹಿಂದೆ, ದೂರದಲ್ಲಿ, ಲೋಡು ಹೊತ್ತ ಎಂಜಿನ್ನೊಂದು ಇಳಿಜಾರು ಹಿಡಿಯುವ ಗುರುಗುರು ಕೇಳಿಸಿತು.

"ನೀವೆಲ್ಲಿದೀರಾ ಈಗ?"

"ಗುಮಾಸ್ತ ನಿಂತಿದ್ದ ಜಾಗದಲ್ಲಿ. ಯಾರಾದ್ರೂ ಒಬ್ರು ನಿಲ್ಬೇಕಿತ್ತು. ಹುಡುಗ್ರು ಹಿಂದೆ ಮುಂದೆ ನೋಡಿದ್ರು. ಬ್ರೇಕ್ ಸರಿಯಿದೆಯಲ್ಲ, ನಾನೇ ನಿಲ್ತೀನಿ ಅಂದೆ."

ಆ ಕ್ಷಣ ನನ್ನ ತಲೆಯಲ್ಲಿ ಬಂದದ್ದನ್ನು ಅಕ್ಕನಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಬರಲಿ ಗಾಡಿ, ನಾಳೆಯವರೆಗೆ ಯಾಕೆ, ಎಲ್ಲರ ಕಣ್ಣೆದುರಿಗೆ ಈಗಲೇ ಸಾಬೀತಾಗುತ್ತದೆ ಅಂತ ಅನ್ನಿಸಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಆ ಒಂದು ಉಸಿರು ನಾನು ಬಾಯಿ ಬಿಡಲಿಲ್ಲ.

ಆಮೇಲೆ ಕಿರುಚಿದೆ. ಆ ಗಾಡಿ ತಿರುಗಲ್ಲ, ನಿಮ್ಮ ಮೇಲೇ ಬರುತ್ತೆ, ಸರೀರಿ, ಅಲ್ಲಿಂದ ಸರೀರಿ ಅಂದೆ.

ಎಂಜಿನ್ನಿನ ಸದ್ದು ತೀರ ಹತ್ತಿರವಾಗಿತ್ತು. ಅದರ ನಡುವೆ ರೈಟರ್ ಅವರ ದನಿ ಯಾವಾಗಲೂ ಇರುವಷ್ಟೇ ಮೆತ್ತಗೆ ಕೇಳಿಸಿತು.

"ಎಲ್ಲಿಗೆ ಸರೀಲಿ ಮೇಡಂ? ಹಿಂದೆ ಗೋಡೆ ಇದೆಯಲ್ಲ."